ಸಂಡಿಗೆಗೆ ಸಿಕ್ಕ ಮಾತು

"ಹತ್ತಕ್ಕೆ ಆರು ಅಂತ ಕಳಿಸಿದ್ದೆ. ಉಳಿದ ನಾಲ್ಕನ್ನು ಎಲ್ಲಿ ಬಿಟ್ಟಿರಿ?"

ರೆಕಾರ್ಡಿಂಗ್ ಕೋಣೆಯ ಬಾಗಿಲು ತಳ್ಳಿಕೊಂಡು ಬಂದವನು ಹಿಂದಿಯಲ್ಲಿ ಹೀಗೆ ಕೇಳಿದಾಗ ಗಾನವಿ ಮೈಕಿನ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ಆಫೀಸಿಗೆ ಹೊಸಬ. ಸಿಟ್ಟು ಮಾತ್ರ ಹಳಬನದು.

"ಯಾವ ನಾಲ್ಕು?"

"ನಾಳೆ ಫರೀದಾಬಾದ್ ಕಡೆ ಮಳೆಯಾಗೋ ಸಾಧ್ಯತೆ ಹತ್ತಕ್ಕೆ ಆರು. ನೀವು ಮಳೆ ಬಂದೇ ಬರುತ್ತೆ ಅಂತ ಹೇಳಿ ರೈತರಿಗೆ ಕಳಿಸಿದ್ದೀರಿ. ಬರದಿದ್ರೆ?"

"ಮುಕ್ಕಾಲು ನಿಮಿಷದ ಕರೆ ಸರ್. ನಿಮ್ಮ ನಾಲ್ಕಕ್ಕೆ ಅದರಲ್ಲಿ ಜಾಗ ಇರಲಿಲ್ಲ."

ಅವನು ಹುಬ್ಬು ಗಂಟಿಕ್ಕಿಕೊಂಡು ನಿಂತ. ಗಾನವಿ ಕುರ್ಚಿ ತಿರುಗಿಸಿಕೊಂಡು ಕನ್ನಡದಲ್ಲಿ ಗೊಣಗಿದಳು. "ಮೂತಿ ನೋಡು... ಇವನೇ ಮೋಡ ಹೊತ್ಕೊಂಡು ಬಂದ ಹಾಗೆ."

"ಹೊರೋದಿಲ್ಲ ಮೇಡಂ. ಲೆಕ್ಕ ಹಾಕ್ತೀನಿ, ಅಷ್ಟೇ."

ಕನ್ನಡ! ಚಹಾ ಅವಳ ಕುರ್ತಾದ ಮೇಲೆ ಚೆಲ್ಲಿತು. ಅವನು ಜೇಬಿನಿಂದ ಕರ್ಚೀಫು ತೆಗೆದು ಮೇಜಿನ ಮೇಲಿಟ್ಟು ಹೊರಟುಹೋದ. ಆಮೇಲೆ ಅದನ್ನು ಅವನು ವಾಪಸು ಕೇಳಲಿಲ್ಲ, ಅವಳೂ ಕೊಡಲಿಲ್ಲ. ಇಂಥ ವಿಷಯದಲ್ಲಿ ಹೆಣ್ಣುಮಕ್ಕಳ ಮರೆವು ಎಷ್ಟು ನಂಬುವಂಥದ್ದೆಂದು ಓದುಗರಿಗೆ ಹೇಳಬೇಕಿಲ್ಲ.

ಅವನು ಚಂದ್ರಕಾಂತ. ಬೀದರಿನವನು, ಹವಾಮಾನ ಓದಿದವನು. ನೋಯ್ಡಾದ ಆ ಸಣ್ಣ ಕಂಪನಿಯಲ್ಲಿ ಮುನ್ಸೂಚನೆ ಹೇಳುವ ಕೆಲಸಕ್ಕೆ ಸೇರಿದ್ದ. ಅವಳು ದೆಹಲಿಯ ಪೀತಮ್‌ಪುರದ ಶಂಕರಪ್ಪ, ರತ್ನಪ್ರಭಾ ದಂಪತಿಯ ಒಬ್ಬಳೇ ಮಗಳು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ದೆಹಲಿಗೆ ಬಂದು ಇಲ್ಲೇ ನಿವೃತ್ತರಾದವರು. ಶಾಲೆ, ಸ್ನೇಹ, ಜಗಳ ಎಲ್ಲವೂ ಅವಳಿಗೆ ಹಿಂದಿಯಲ್ಲಿ. ಕನ್ನಡ ಬಂದದ್ದು ಅಮ್ಮನ ಅಡುಗೆಮನೆಯಿಂದ.

ಯಮುನೆಯ ದಂಡೆಯ ಹಳ್ಳಿಗಳಲ್ಲಿ ಒಂದೆರಡು ಎಕರೆ ಉಳುವವರಿಗೆ ಕಂಪನಿ ದಿನಾ ಸಂಜೆ ಫೋನು ಮಾಡುತ್ತಿತ್ತು. ಎತ್ತಿದರೆ ಗಾನವಿಯ ದನಿ. ನಾಳೆ ಔಷಧಿ ಹೊಡೆಯಬಹುದೇ, ನೀರು ಬಿಡಬಹುದೇ, ಕೊಯ್ಲು ತಡೆಯಬೇಕೇ... ಆಕಾಶ ನೋಡುವವನು ಅವನು, ಅದನ್ನು ಮಾತಾಗಿಸುವವಳು ಅವಳು. ನಡುವೆ ಮ್ಯಾನೇಜರ್ ಮನೋಜ್ ಮತ್ತು ಅವರ ಒಂದು ನಿಯಮ. ಹತ್ತಕ್ಕೆ ಐದು ದಾಟದ ಅಪಾಯ ರೈತರ ಕಿವಿಗೆ ಹೋಗಬಾರದು. ಸುಮ್ಮಸುಮ್ಮನೆ ಹೆದರಿಸಿದರೆ ಜನ ಕರೆ ಕತ್ತರಿಸುತ್ತಾರೆ ಎಂಬುದು ಅವರ ಅನುಭವ. ಆ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಜಗಳದಿಂದ ಶುರುವಾದದ್ದು ಜಗಳದಲ್ಲೇ ಬೆಳೆಯಿತು. ಹೇಗೆ ಹೇಳಿದರೆ ಹಳ್ಳಿಯವರಿಗೆ ಸರಿಯಾಗಿ ತಲುಪುತ್ತದೆಂದು ಕೇಳಲು ಇಬ್ಬರೂ ಒಮ್ಮೆ ಓಮ್‌ವತಿಯ ಮನೆಗೆ ಹೋದರು. ಓಮ್‌ವತಿ ಐವತ್ತು ದಾಟಿದ ವಿಧವೆ, ಎರಡು ಎಕರೆಯ ಒಡತಿ. ಗಾನವಿ ಬಾಯಿ ತೆರೆದದ್ದೇ ತಡ, ಆಕೆ ಅವಳ ಗಲ್ಲ ಹಿಡಿದುಕೊಂಡಳು.

"ಫೋನಿನ ಹುಡುಗಿ ನೀನೇನಾ! ನನ್ನ ಸೊಸೆಗಿಂತ ನಿನ್ನ ಮಾತೇ ನಾನು ಜಾಸ್ತಿ ಕೇಳೋದು ಬೇಟಿ. ಬೇಕಾದ್ರೆ ಅವಳನ್ನೇ ಕೇಳು."

ಒಳಗಿನಿಂದ ಸೊಸೆಯ ನಗು ಕೇಳಿಸಿತು. ವಾಪಸು ಬರುವಾಗ ಮೆಟ್ರೋದಲ್ಲಿ ಚಂದ್ರಕಾಂತ ಕಂಬಿ ಹಿಡಿದು ನಿಂತು ಬಹಳ ಹೊತ್ತು ಏನನ್ನೋ ಯೋಚಿಸಿದ.

"ಗಾನವಿ, ನಿಮ್ಮ ಮನೇಲಿ ನಾನು ಬಂದು ಮಾತಾಡಿದ್ರೆ ಬೇಜಾರಾಗ್ತಾರಾ?"

"ಯಾವ ವಿಷಯಕ್ಕೆ?"

"ಗೊತ್ತಿದ್ದೂ ಕೇಳ್ತಾ ಇದೀರ."

ಅವಳು ಕಿಟಕಿಯ ಕಡೆ ತಿರುಗಿದಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಅವತ್ತಿನಿಂದ 'ನೀವು' ಹೋಗಿ 'ನೀನು' ಬಂತು. ಒಂದು ಭಾನುವಾರ ಅವನು ಮನೆಗೆ ಬಂದು ಮಾತಾಡಿಹೋದ. ಯುಗಾದಿಗೆ ಅವನನ್ನು ಊಟಕ್ಕೆ ಕರೆದು ಮಾತು ಪಕ್ಕಾ ಮಾಡುವುದೆಂದು ಶಂಕರಪ್ಪನವರು ಮಾರ್ಚ್ ಮೊದಲ ವಾರವೇ ತೀರ್ಮಾನಿಸಿದರು. ರತ್ನಪ್ರಭಾ ಬಂದುಹೋಗುವವರಿಗೆಲ್ಲ ಇರಲಿ ಎಂದು ಟೆರೇಸಿನಲ್ಲಿ ಸಂಡಿಗೆ ಹಾಕಲು ಶುರು ಮಾಡಿದರು.

ಸುಖ ಅಷ್ಟು ಹತ್ತಿರ ಬಂದಿತ್ತು.

ಮಾರ್ಚ್‌ನಲ್ಲಿ ಗೋಧಿಯ ತೆನೆಗೆ ಹಾಲು ತುಂಬುತ್ತದೆ. ಕೊನೆಯ ನೀರು ಬಿಡುವ ಕಾಲ. ಆದರೆ ನೆಲ ನೆನೆದ ಹೊತ್ತಿಗೆ ಜೋರು ಗಾಳಿ ಬೀಸಿದರೆ ಪೈರು ಬುಡದಿಂದಲೇ ಮಲಗಿಬಿಡುತ್ತದೆ, ಮತ್ತೆ ಏಳುವುದಿಲ್ಲ. ಅದಕ್ಕೇ ರೈತರು ಗಾಳಿಯ ಮಾತು ಕೇಳಿ ನೀರು ಬಿಡುತ್ತಾರೆ. ಆ ಸಂಜೆ ಗಾನವಿ ತನ್ನ ಮುಂದೆ ಬಂದದ್ದನ್ನು ಓದಿದಳು. ನಾಳೆ ಮಳೆಯಿಲ್ಲ, ನೀರು ಬಿಡಲು ಒಳ್ಳೆಯ ದಿನ.

ಮರುದಿನ ಮಧ್ಯಾಹ್ನ ಕಳೆಯುತ್ತಿದ್ದಂತೆ ಗಾಳಿ ಎದ್ದಿತು. ದೆಹಲಿಯ ಮೇಲೆಲ್ಲ ಧೂಳು ಕವಿದು ರಸ್ತೆಯ ದೀಪಗಳು ಹೊತ್ತಿಕೊಂಡವು.

ಗಾಳಿ ನಿಂತ ಮರುದಿನ ಬೆಳಗ್ಗೆ ಗಾನವಿ ಯಾರಿಗೂ ಹೇಳದೆ ಓಮ್‌ವತಿಯ ಹೊಲಕ್ಕೆ ಹೋದಳು. ಪೈರು ಒಂದೇ ದಿಕ್ಕಿಗೆ ಮಲಗಿತ್ತು. ಒದ್ದೆ ನೆಲದಲ್ಲಿ ತೆನೆಗಳು ಮುಖ ಹುದುಗಿಸಿಕೊಂಡಿದ್ದವು. ಬದುವಿನ ಮೇಲೆ ಓಮ್‌ವತಿ ಕೂತಿದ್ದಳು.

"ನೀರು ಬಿಡು ಅಂದೆ, ಬಿಟ್ಟೆ ಬೇಟಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗಾನವಿ ಹೇಗೋ ತಡೆದುಕೊಳ್ಳುತ್ತಿದ್ದಳು. "ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದು ದಿನಾನೂ ಕೊಂಡ ಹಿಟ್ಟಿನ ರೊಟ್ಟಿ ತಟ್ಟಿಲ್ಲ. ಈ ವರ್ಷ ತಟ್ಟಬೇಕು. ಇರಲಿ... ನೀನು ಚಹಾ ಕುಡೀತೀಯಾ?"

ಗಾನವಿ ಬೇಡವೆಂದು ತಲೆಯಾಡಿಸಿ ಹೊರಟಳು. ದಾರಿಯುದ್ದಕ್ಕೂ ಅವಳು ಒಂದೇ ಮಾತಿಗೆ ಜೋತುಬಿದ್ದಿದ್ದಳು. ಪಾಪ, ಚಂದ್ರುವಿಗೂ ಗೊತ್ತಾಗಲಿಲ್ಲ. ಗಾಳಿ ಯಾರ ಕೈಯಲ್ಲಿದೆ? ಅವನೆಷ್ಟು ನೊಂದುಕೊಂಡಿರಬೇಕು...

ಮನೆಗೆ ಬಂದಾಗ ರತ್ನಪ್ರಭಾ ಹಳೆಯ ಪಂಚೆ ಹಿಡಿದು ಟೆರೇಸಿಗೆ ಹೊರಟಿದ್ದರು.

"ನಿನ್ನೆ ಸಂಡಿಗೆ ಹಾಕಿದ್ದಿದ್ರೆ ಮಣ್ಣು ತಿನ್ನಬೇಕಿತ್ತು ಕಣೇ. ಪುಣ್ಯಕ್ಕೆ ಚಂದ್ರಕಾಂತ ಮೊದಲೇ ಹೇಳಿದ. 'ಗಾಳಿ ಬರಬಹುದು ಆಂಟಿ, ನಾಳೆ ಒಂದಿನ ಬೇಡ' ಅಂತ."

ಗಾನವಿ ಮೆಟ್ಟಿಲ ಮೇಲೆಯೇ ನಿಂತಳು. "ಯಾವಾಗ ಹೇಳಿದ?"

"ಮೊನ್ನೆ ಸಂಜೆ. ಯಾಕೆ, ಮುಖ ಯಾಕೆ ಹಾಗಾಯ್ತು?"

ಮೊನ್ನೆ ಸಂಜೆ. ಅವಳು ಮೈಕಿನ ಮುಂದೆ ಕೂತು ನೀರು ಬಿಡಿ ಎಂದು ಹೇಳಿದ ಸಂಜೆ.

ಅವನನ್ನು ಅವಳು ಆಫೀಸಿನ ಹೊರಗೆ, ಚಹಾದ ಗಾಡಿಯ ಹತ್ತಿರ ಹಿಡಿದಳು.

"ಗಾಳಿ ಬರುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಬರಬಹುದು ಅಂತ ಗೊತ್ತಿತ್ತು. ಹತ್ತಕ್ಕೆ ಮೂರು."

"ನನಗೆ ಯಾಕೆ ಹೇಳಲಿಲ್ಲ?"

"ಬರೆದಿದ್ದೆ. ಐದು ದಾಟಲಿಲ್ಲ ಅಂತ ಮನೋಜ್ ತೆಗೆದರು. ನಾನು... ಬಿಟ್ಟೆ."

"ಅಮ್ಮನಿಗೆ ಆ ನಿಯಮ ಇರಲಿಲ್ವಾ?"

ಅವನು ತಲೆ ತಗ್ಗಿಸಿದ.

"ಅಮ್ಮನ ಸಂಡಿಗೆಗೆ ಸಿಕ್ಕ ಮಾತು ಓಮ್‌ವತಿಯ ಗೋಧಿಗೆ ಸಿಗಲಿಲ್ಲ ಚಂದ್ರು. ನಾಳೆ ನಮ್ಮನೆ ಅಳಿಯ ಆಗಬೇಕಿತ್ತಲ್ಲ, ಅತ್ತೆಯನ್ನ ಮೆಚ್ಚಿಸಿಕೊಂಡೆ. ಓಮ್‌ವತಿಗೆ ಹೇಳಿ ನಿನಗೇನು ಸಿಗ್ತಿತ್ತು?"

ಒಂದು ಮಾತು ಅವನ ಗಂಟಲಿನವರೆಗೂ ಬಂದಿತು. ಅಲ್ಲೇ ನಿಂತಿತು.

"ಹಾಗಲ್ಲ ಗಾನವಿ," ಅಂದ, ಅಷ್ಟೇ.

"ಯುಗಾದಿಗೆ ನಮ್ಮ ಮನೆಗೆ ಬರಬೇಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ತಿರುಗಿ ನಡೆದಳು. ಅವನು ಕರೆಯಲಿ ಎಂದು ಅವಳ ಬೆನ್ನು ಕಾಯುತ್ತಿತ್ತು. ಕರೆಯುವ ಯೋಗ್ಯತೆ ತನಗಿಲ್ಲ ಎಂದು ಅವನು ಅಲ್ಲೇ ಉಳಿದ.

ಯುಗಾದಿ ಬಂತು. ಬೇವುಬೆಲ್ಲವಾಯಿತು, ಹೋಳಿಗೆಯಾಯಿತು. ರತ್ನಪ್ರಭಾ ಅಭ್ಯಾಸಬಲದಿಂದ ನಾಲ್ಕು ತಟ್ಟೆ ಹಾಕಿ, ಒಂದನ್ನು ಸದ್ದಾಗದಂತೆ ಒಳಗಿಟ್ಟರು. ಶಂಕರಪ್ಪನವರು ಏನೂ ಕೇಳಲಿಲ್ಲ. ಊಟ ಮುಗಿದ ಮೇಲೆ ಅಮ್ಮ ಮಗಳ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತರು.

"ಸಂಡಿಗೆ ವಿಷಯಕ್ಕೆ ತಾನೇ ಜಗಳ? ಮೊನ್ನೆ ತನ್ವಿ ಫೋನ್ ಮಾಡಿದ್ಲು, ಅವಳು ಹೇಳಿದ್ಲು." ತನ್ವಿ ಗಾನವಿಯ ಆಫೀಸಿನ ಗೆಳತಿ.

"ಬಿಡಮ್ಮ."

"ಬಿಡೋದಲ್ಲ. ಅವನಾಗಿ ಫೋನ್ ಮಾಡಿ ಹೇಳಿದ್ದಲ್ಲ ಅದು. ನಾನೇ ಮಾಡಿದ್ದು. ಆಗಾಗ ಮಾಡ್ತಿದ್ದೆ. ಹಾಕಲಾ ಬೇಡವಾ ಅಂತ ಕೇಳೋದೊಂದು ನೆಪ... ಈ ಊರಲ್ಲಿ ನನ್ನ ಜೊತೆ ಸಾವಧಾನವಾಗಿ ಕನ್ನಡದಲ್ಲಿ ಮಾತಾಡೋರು ಯಾರಿದ್ದಾರೆ ಹೇಳು? ಅವತ್ತೂ ಕೇಳಿದೆ. ಕೇಳಿದ್ದಕ್ಕೆ ಅವನು ಇದ್ದದ್ದನ್ನ ಹೇಳಿದ."

ಗಾನವಿ ಗೋಡೆಯ ಕಡೆ ಹೊರಳಿದಳು. ಕೇಳಿದ್ದಕ್ಕೆ ಹೇಳಿದ. ಓಮ್‌ವತಿ ಕೇಳಲು ದಾರಿಯೇ ಇರಲಿಲ್ಲ, ಕಂಪನಿಯ ಕರೆ ಒಂದೇ ಕಡೆಯಿಂದ ಹೋಗುತ್ತಿತ್ತು. ಆದರೆ ತನಗೆ ದಾರಿಯಿತ್ತಲ್ಲ? ದಿನಾ ಸಂಜೆ ಅವನ ಪಕ್ಕದ ಕೋಣೆಯಲ್ಲೇ ಕೂತು ಓದಿದವಳು, ಇದರಲ್ಲಿ ಬಿಟ್ಟಿದ್ದೇನಾದರೂ ಇದೆಯಾ ಎಂದು ಒಂದು ದಿನವಾದರೂ ಕೇಳಿದ್ದಳೇ?

ಅಮ್ಮನ ಕೈ ತಲೆಯ ಮೇಲೆ ಬಂದಾಗ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಸಾರಿ ಎನ್ನಲು ಎಷ್ಟೋ ಸಲ ಫೋನು ತೆಗೆದಳು. 'ಅತ್ತೆಯನ್ನ ಮೆಚ್ಚಿಸಿಕೊಂಡೆ' ಎಂದ ಬಾಯಿಂದ ಯಾವ ಮಾತು ಹೊರಡಬೇಕು? ಆಫೀಸಿನಲ್ಲಿ ಅವನು ಎದುರಾದರೆ ಗೋಡೆ ನೋಡುತ್ತ ದಾಟುತ್ತಿದ್ದಳು. ಓಮ್‌ವತಿಗೆ ಫೋನು ಮಾಡಿದರೆ ಆಕೆ ಎತ್ತುತ್ತಿರಲಿಲ್ಲ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಈಗ ಗಾನವಿಯ ದನಿ ಕೇಳಿದ ಕೂಡಲೇ ಕರೆ ಕತ್ತರಿಸುತ್ತಿದ್ದರು. ಯಾವುದಕ್ಕೆ ಹೆದರಿ ಆ ನಿಯಮ ಮಾಡಿದ್ದರೋ ಆ ನಿಯಮದಿಂದಲೇ ಅದು ಆಯಿತು. ಮನೋಜ್ ಮಾತ್ರ ದನಿಯಲ್ಲಿ ಉತ್ಸಾಹ ಸಾಲದು ಅಂದರು.

ಏಪ್ರಿಲ್ ಅರ್ಧ ಕಳೆದಿತ್ತು. ಊಟದ ಹೊತ್ತಿನಲ್ಲಿ ತನ್ವಿ ಡಬ್ಬಿ ಮುಚ್ಚುತ್ತ ಹೇಳಿದಳು. "ಚಂದ್ರಕಾಂತ್ ರಿಸೈನ್ ಮಾಡಿದಾನೆ. ಪುಣೆಗೆ ಹೋಗ್ತಿದಾನೆ. ನಾಳೆಯೇ."

ಗಾನವಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು. ಅದೇ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು. ಓಮ್‌ವತಿ.

"ಬೇಟಿ, ಆ ಹುಡುಗನಿಗೆ ಏನಾಗಿದೆ? ಬೆಳಗ್ಗೆಯಿಂದ ಫೋನ್ ಎತ್ತುತ್ತಿಲ್ಲ."

"ಯಾವ ಹುಡುಗ ಚಾಚಿ?"

"ನಿನ್ನ ಹುಡುಗ. ಇನ್ಯಾರು? ಗಾಳಿಯಾದ ಮೇಲೆ ಬಂದಿದ್ನಲ್ಲ. ನಮ್ಮೆಲ್ಲರ ಕೈಲಿ ಬೈಸಿಕೊಂಡ. ಹೋಗೋವಾಗ ಮನೆಮನೆಗೂ ತನ್ನ ನಂಬರ್ ಕೊಟ್ಟ. ಏನೇ ಇದ್ರೂ ಕೇಳಿ, ಗೊತ್ತಿದ್ದಷ್ಟೂ ಹೇಳ್ತೀನಿ ಅಂತ. ದಿನಾ ಎತ್ತುತ್ತಿದ್ದ, ಇವತ್ತೇ ಇಲ್ಲ. ಇಲ್ಲಿ ಪಡುವಣಕ್ಕೆ ಕಪ್ಪಾಗ್ತಾ ಇದೆ. ಉಳಿದ ಗೋಧಿ ಕೊಯ್ದು ಕಟ್ಟು ಕಟ್ಟಿ ಹೊಲದಲ್ಲಿ ಹಾಕಿದ್ದೀನಿ. ಒಕ್ಕೋ ಥ್ರೆಷರ್ ಬರೋದು ನಾಳೆ. ಮುಚ್ಚಬೇಕಾ ಬೇಡ್ವಾ? ಸೊಸೆ ತವರಿಗೆ ಹೋಗಿದ್ದಾಳೆ, ನಾನೊಬ್ಬಳೇ."

ಗಾನವಿ ಎದ್ದು ನಿಂತಿದ್ದಳು. "ಕೇಳಿ ಹೇಳ್ತೀನಿ ಚಾಚಿ."

ಅವನ ಕೋಣೆ ಆಫೀಸಿಗೆ ಹತ್ತಿರದ ಸೆಕ್ಟರ್‌ನಲ್ಲಿತ್ತು. ಬಾಗಿಲು ತೆರೆದಿತ್ತು. ಎರಡು ಚೀಲ ಕಟ್ಟಿಟ್ಟು ನೆಲ ಗುಡಿಸುತ್ತಿದ್ದ. ಸತ್ತ ಫೋನನ್ನು ಮೂಲೆಯಲ್ಲಿ ಚಾರ್ಜಿಗೆ ಹಾಕಿ, ಪ್ಲಗ್ಗಿನ ಸ್ವಿಚ್ಚು ಒತ್ತಲು ಮರೆತಿದ್ದ. ಅವಳನ್ನು ಕಂಡು ಪೊರಕೆ ಹಿಡಿದೇ ನಿಂತ. ಕೆನ್ನೆಗಳು ಒಳಗೆ ಹೋಗಿದ್ದವು.

ಆಡಬೇಕಾದ ಮಾತು ನೂರಿದ್ದವು. ಅವಳು ಆಡಿದ್ದು ಇದು.

"ಓಮ್‌ವತಿ ಗೋಧಿ ಹೊಲದಲ್ಲಿದೆ. ಮುಚ್ಚಬೇಕಾ ಅಂತ ಕೇಳ್ತಿದ್ದಾರೆ."

ಅವನು ಪೊರಕೆ ಬಿಟ್ಟು ಚೀಲದಿಂದ ಲ್ಯಾಪ್‌ಟಾಪ್ ಎಳೆದು ನೆಲದ ಮೇಲೆಯೇ ಕೂತ. ಒಂದೊಂದೇ ಚಿತ್ರ ತೆರೆದು ನೋಡಿದ.

"ಹತ್ತಕ್ಕೆ ಎರಡು ಇರಬಹುದು. ಜಾಸ್ತಿ ಇಲ್ಲ."

"ಅದು ಓಮ್‌ವತಿ ಗೋಧಿ ಅಲ್ಲ, ನಮ್ಮಮ್ಮನ ಸಂಡಿಗೆ ಅಂದ್ಕೊಂಡು ಹೇಳು."

ಅವನು ಅವಳ ಮುಖ ನೋಡಿದ. ಕಣ್ಣು ತುಂಬಿ ಬಂದವು.

"ಮುಚ್ಚಬೇಕು," ಅಂದ.

ಅವಳು ಅಲ್ಲಿಂದಲೇ ಫೋನು ಹಚ್ಚಿದಳು. "ಚಾಚಿ, ಹತ್ತರಲ್ಲಿ ಎಂಟು ಪಾಲು ಮಳೆ ಬರೋದಿಲ್ಲ. ಎರಡು ಪಾಲು ಬರಬಹುದು. ಮುಚ್ಚಿದ್ರೆ ಒಂದು ಸಂಜೆಯ ಮೈನೋವು. ಮುಚ್ಚದೆ ಬಂದ್ರೆ ಉಳಿದಿದ್ದೂ ಹೋಗುತ್ತೆ. ನೀವೊಬ್ಬರೇ ಎಳೀಬೇಡಿ, ನಾವು ಬರ್ತಿದ್ದೀವಿ."

'ನಾವು' ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಕ್ಯಾಬು ಕಾಳಿಂದಿ ಕುಂಜ್ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಗಾನವಿ ಬಾಯಿ ಬಿಟ್ಟಳು.

"ಅಮ್ಮನೇ ಕೇಳಿದ್ದು ಅಂತ ಅವತ್ತು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ತಪ್ಪು ಅವರ ಮೇಲೆ ಹೋಗ್ತಿತ್ತು. ತಪ್ಪು ನಂದೇ." ಅವನು ಹೊರಗೆ ಯಮುನೆಯನ್ನು ನೋಡುತ್ತಿದ್ದ. "ಆಂಟಿ ಕೇಳಿದಾಗ ಪಂಚೆ ಮೇಲಿನ ಸಂಡಿಗೆ ಕಣ್ಣಿಗೆ ಕಾಣಿಸ್ತು. ಮನೋಜ್ ಆ ಸಾಲು ತೆಗೆದಾಗ ಹೊಲ ಕಾಣಿಸಲಿಲ್ಲ ಗಾನವಿ. ಬರೀ ಮೂರು ಅನ್ನೋ ಅಂಕಿ ಕಾಣಿಸ್ತು. ಜಗಳ ಮಾಡಬಹುದಿತ್ತು. ನಿನ್ನ ಹತ್ತಿರ ಅಷ್ಟು ಜಗಳ ಮಾಡಿದವನು, ಅವರ ಹತ್ತಿರ ಮಾಡಲಿಲ್ಲ."

"ಅಳಿಯನ ಮಾತು ನಾನು ಆಡಬಾರದಿತ್ತು."

"ಅದೊಂದು ನೋವಾಯ್ತು."

ಪರವಾಗಿಲ್ಲ ಎಂದು ಅವನು ಸುಳ್ಳು ಹೇಳಲಿಲ್ಲ. ಅವಳು ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

ಹೊಲದಲ್ಲಿ ಓಮ್‌ವತಿ ಅಕ್ಕಪಕ್ಕದ ಹೆಂಗಸರನ್ನೂ ಕೂಗಿ ಸೇರಿಸಿದ್ದಳು. ಗೋಧಿಯ ಕಟ್ಟುಗಳನ್ನು ಹೊತ್ತು ಒಂದೆಡೆ ಒಟ್ಟಿದರು. ಟಾರ್ಪಾಲ್ ಎಳೆದು ಅಂಚಿಗೆ ಇಟ್ಟಿಗೆ ಹೇರಿದರು. ಚಂದ್ರಕಾಂತನ ಅಂಗಿ ಬೆವರಿಗೆ ಅಂಟಿತ್ತು. ಗಾನವಿಯ ಅಂಗೈ ತುಂಬ ತೆನೆಯ ಮುಳ್ಳು. ಗಾಳಿ ಒಮ್ಮೆ ಭರ್ರೆಂದು ಬಂತು. ಎಲ್ಲರೂ ಟಾರ್ಪಾಲಿನ ಅಂಚು ಹಿಡಿದು ಕುಕ್ಕರಗಾಲಿನಲ್ಲಿ ಕೂತರು.

ಗಾಳಿ ಹಾದುಹೋಯಿತು. ಮೋಡ ನದಿಯಾಚೆಗೆ ಸರಿಯಿತು. ಒಂದು ಹನಿಯೂ ಬೀಳದೆ ಪಡುವಣದಲ್ಲಿ ಬಿಸಿಲು ಕಾಣಿಸಿಕೊಂಡಿತು.

ಚಂದ್ರಕಾಂತ ತಲೆ ಎತ್ತಲಿಲ್ಲ. "ಸುಮ್ನೆ ಎಲ್ಲರಿಗೂ ಕಷ್ಟ ಕೊಟ್ಟೆ ಚಾಚಿ."

ಓಮ್‌ವತಿ ಸೊಂಟ ನೀವಿಕೊಂಡು ಎದ್ದಳು. "ಹೊಲಕ್ಕೆ ಮೈಬಗ್ಗಿಸೋದು ನಮಗೆ ಹೊಸದಾ? ಎಂಟು ಪಾಲು ಬರೋದಿಲ್ಲ ಅಂತ ಇವಳು ಮೊದಲೇ ಹೇಳಿದ್ಲು. ತಿಳಿದೇ ಮುಚ್ಚಿದ್ದು." ಎರಡು ಹೆಜ್ಜೆ ಹೋಗಿ ನಿಂತಳು. "ಮಾರ್ಚ್ ತಿಂಗಳದ್ದು ನಾನು ಮರೆಯಲ್ಲ ಬೇಟಾ. ಮರೆತೆ ಅಂದ್ರೆ ಸುಳ್ಳಾಗುತ್ತೆ. ಆದ್ರೂ ನೀನು ಫೋನ್ ಎತ್ತು. ಎತ್ತದೇ ಇರಬೇಡ."

"ಎತ್ತುತ್ತೀನಿ. ಎಲ್ಲಿದ್ರೂ ಎತ್ತುತ್ತೀನಿ."

ಹೆಂಗಸರು ಚಹಾ ಕಾಯಿಸಲು ಮನೆಯ ಕಡೆ ನಡೆದರು. ಬದುವಿನ ಮೇಲೆ ಇಬ್ಬರೇ ಉಳಿದರು.

"ನಾಳೆ ಎಷ್ಟು ಹೊತ್ತಿಗೆ ರೈಲು?"

"ಮಧ್ಯಾಹ್ನ."

"ಹೋಗಲೇಬೇಕಾ?"

"ಮಾತು ಕೊಟ್ಟಿದ್ದೀನಿ. ಅಲ್ಲಿ ರೈತರು ತಿರುಗಿ ಫೋನ್ ಮಾಡಿ ಕೇಳೋ ಏರ್ಪಾಡು ಮಾಡ್ತಿದ್ದಾರೆ. ಅದಕ್ಕೇ ಒಪ್ಪಿಕೊಂಡೆ." ಅವನು ಬದುವಿನ ಹುಲ್ಲೊಂದನ್ನು ಕಿತ್ತ. "ನೀನೂ ಬಾ ಅಂತ ಕೇಳೋಕೆ ಬಾಯಿ ಬರ್ತಿಲ್ಲ."

"ಈಗಲೇ ಬರೋಕಾಗಲ್ಲ ಚಂದ್ರು. ಇವರು ಮತ್ತೆ ನನ್ನ ಫೋನ್ ಎತ್ತಬೇಕು. ಅದಾಗದೆ ಈ ಊರು ಬಿಡೋಕೆ ನನ್ನಿಂದ ಆಗಲ್ಲ. ಮನೋಜ್ ಹತ್ತಿರ ನಾಳೆಯಿಂದ ನಾನು ಜಗಳ ಆಡ್ತೀನಿ."

"ಗೊತ್ತು. ಅದಕ್ಕೇ ಕೇಳಲಿಲ್ಲ."

ಇಷ್ಟು ದಿನ ಗಟ್ಟಿಯಾಗಿ ಕಟ್ಟಿಟ್ಟದ್ದೆಲ್ಲ ಅವಳ ಎದೆಯಲ್ಲಿ ಒಡೆಯಿತು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಅವನ ಎದುರೇ ಅತ್ತಳು.

"ನಿನ್ನ ಬಿಟ್ಟು ನನಗೆ ಆಗೋದಿಲ್ಲ. ಬೇಡ ಅಂದವಳು ನಾನೇ. ಆದ್ರೂ ಒಂದು ದಿನಾನೂ ಆಗಲಿಲ್ಲ."

"ನನಗೆ ಆಯ್ತು ಅಂದ್ಕೊಂಡ್ಯಾ?"

"ಅಪ್ಪ ಇನ್ನೂ ನಿನ್ನನ್ನ ಕೇಳ್ತಾರೆ. ಬಾಯಿಬಿಟ್ಟು ಕೇಳಲ್ಲ, ಬಾಗಿಲು ಸದ್ದಾದ್ರೆ ಪೇಪರ್ ಕೆಳಗಿಟ್ಟು ನೋಡ್ತಾರೆ."

"ಮೇ ತಿಂಗಳಲ್ಲಿ ಬರ್ತೀನಿ. ಪೀತಮ್‌ಪುರಕ್ಕೆ. ಬರಲಾ?"

ಅವಳು ತಲೆಯಾಡಿಸಿದಳು. ಅವನು ಮೆಲ್ಲಗೆ ಅವಳ ಕೈ ಹಿಡಿದ. ಎರಡೂ ಅಂಗೈಗಳಲ್ಲಿ ಗೋಧಿಯ ಮುಳ್ಳು ಚುಚ್ಚಿದ ಗೀರುಗಳಿದ್ದವು.

"ಉರಿಯುತ್ತಾ?"

"ಹೂಂ."

"ಬಿಡಲಾ?"

"ಬೇಡ," ಅಂದಳು ಗಾನವಿ. "ನಾಳೆ ಹೇಗೂ ಬಿಡಬೇಕು."